ತೊಂಬತ್ತಾರು ತಾಸುಗಳ ತರುವಾಯ

ಕೃಷ್ಣೆಯನ್ನು ದಕ್ಷಿಣದ ಮೇರೆಯನ್ನಾಗಿಯೂ ಭೀಮೆಯನ್ನು ನಡುನಾಡಿನ ಜಲರೇಖೆಯನ್ನಾಗಿಯೂ ಪಡೆದಿರುವ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯು, ಎರಡು ಮಹಾನದಿಗಳು ತನ್ನ ಮಗ್ಗುಲಲ್ಲಿಯೇ ಹರಿಯುತ್ತಿದ್ದರೂ, ತಲೆತಲಾಂತರದಿಂದ ಮುಗಿಲನ್ನೂ ಕೆರೆಗಳನ್ನೂ ನೆಚ್ಚಿಕೊಂಡೇ ಜೋಳ, ಸಜ್ಜೆ, ತೊಗರಿ, ಶೇಂಗಾಗಳನ್ನು ಬೆಳೆಯುತ್ತ ಬಂದ ಒಣಬೇಸಾಯದ ನಾಡು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯು 1982ರ ಹೊತ್ತಿಗೆ ನಾರಾಯಣಪುರದ ಬಸವಸಾಗರವಾಗಿ ಮೈದಾಳಿ, ಅದರ ಎಡದಂಡೆ ಕಾಲುವೆಯೂ ಶಹಾಪುರ ಶಾಖಾ ಕಾಲುವೆಯೂ ಕ್ರಮಕ್ರಮವಾಗಿ ಊರೂರಿಗೆ ನೀರನ್ನು ಹಂಚತೊಡಗಿದ ಮೇಲೆ, ಒಂದು ತಲೆಮಾರು ಕಳೆಯುವುದರೊಳಗಾಗಿ ಈ ನೆಲದ ಚಹರೆಯೇ ಬೇರೆಯಾಯಿತು. ಲಘು ನೀರಾವರಿಯ ಬೆಳೆಗಳಿಗೆಂದು ಯೋಜಿಸಿದ್ದ ನೀರು ಬತ್ತದ ಮಡಿಗಳಲ್ಲಿ ನಿಂತಿತು. ಎರೆಹೊಲಗಳಲ್ಲಿ ಹತ್ತಿಯೂ ಮೆಣಸಿನಕಾಯಿಯೂ ಹಬ್ಬಿದವು. 2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಗುವ ವೇಳೆಗೆ, ಅದರ ಪಶ್ಚಿಮಾರ್ಧವು ಕಾಲುವೆಯ ನಾಡೆಂದೇ ಹೆಸರಾಗಿದ್ದಿತು.

ನೀರು ಬಂದ ಹಾದಿಯಲ್ಲಿಯೇ ಕೀಟನಾಶಕವೂ ಬಂದಿತು. ಬೇಸಗೆಯಲ್ಲಿ ಹಸಿರೆಂಬುದೇ ಕಾಣದೆ ಹಸಿದು ಸಾಯುತ್ತಿದ್ದ ಹುಳುಹುಪ್ಪಟೆಗಳಿಗೆ ವರ್ಷದ ಬಹುಭಾಗ ಆಹಾರವೂ ಆಶ್ರಯವೂ ದೊರೆಯುವಂತಾದುದರಿಂದಲೂ, ಬೀಜ ಗೊಬ್ಬರಗಳಿಗಾಗಿ ಸಾಲವೆತ್ತಿದ ರೈತನು ಬೆಳೆಯ ಮೇಲೆ ಹುಳುವೊಂದು ಕಂಡಾಗಲೂ ಕೈಕಟ್ಟಿ ಕೂಡಲಾರದವನಾದುದರಿಂದಲೂ, ಎಣ್ಣೆ ಹೊಡೆಯುವುದು ಬಿತ್ತನೆ, ಎಡೆ, ಕಳೆಗಳಂತೆಯೇ ಬೇಸಾಯದ ಸಹಜವಾದ ಅಂಗವಾಯಿತು. ಇದಕ್ಕಾಗಿ ರೈತನನ್ನು ದೂಷಿಸುವುದು ಅನ್ಯಾಯವೆಂದೇ ನನ್ನ ಭಾವನೆ. ಆತನ ಮುಂದೆ ಬೇರೆಯ ದಾರಿಗಳನ್ನು ತೆರೆದಿಡಬೇಕಾದವರು ಅವನ್ನು ತೆರೆದಿಡಲಿಲ್ಲ. ಆದರೆ ಹೊಲದ ಮೇಲೆ ಬಿದ್ದ ದ್ರವ್ಯವು ಹೊಲದಲ್ಲಿಯೇ ನಿಲ್ಲತಕ್ಕುದಲ್ಲ. ಬತ್ತದ ಮಡಿಯಿಂದ ಬಸಿದ ನೀರು ಹಳ್ಳಕ್ಕೆ ಇಳಿಯುವುದು, ಹಳ್ಳವು ಭೀಮೆಯನ್ನೋ ಕೃಷ್ಣೆಯನ್ನೋ ಸೇರುವುದು. ಸಂಜೆಯ ಹೊತ್ತು ಬೆನ್ನಿನ ಪಂಪನ್ನು ತೊಳೆಯುವುದಕ್ಕೆ ಎಲ್ಲಕ್ಕಿಂತ ಹತ್ತಿರವಾದ ಎಡೆ ಕಾಲುವೆಯ ದಂಡೆಯೇ ಆಗಿರುವುದು. ಹುಳುವಿಗೆಂದು ಹೊರಟ ವಿಷವು ಹೀಗೆ ಮೀನಿನ, ಏಡಿಯ, ಕಪ್ಪೆಯ ಹಾಗೂ ಬರಿಗಣ್ಣಿಗೆ ಕಾಣಿಸದ ಅಸಂಖ್ಯ ಜಲಜೀವಿಗಳ ಮನೆಯನ್ನು ಹೊಕ್ಕಾಗ ಅಲ್ಲಿ ಆಗುವುದೇನು?

ಈ ಪ್ರಶ್ನೆಯನ್ನು ನಮ್ಮಲ್ಲಿ ಕೈಗೆತ್ತಿಕೊಂಡವರು ಮುಖ್ಯವಾಗಿ ಪ್ರಾಣಿಶಾಸ್ತ್ರದ ಅಧ್ಯಾಪಕರು. 1949ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ, ಅದರ ಸ್ನಾತಕೋತ್ತರ ಕೇಂದ್ರವಾಗಿದ್ದು 1980ರಲ್ಲಿ ಸ್ವತಂತ್ರವಾದ ಗುಲಬರ್ಗಾ ವಿಶ್ವವಿದ್ಯಾಲಯವೂ ಉತ್ತರ ಕರ್ನಾಟಕದ ತರುಣರಿಗೆ ಜೀವವಿಜ್ಞಾನದ ಬಾಗಿಲುಗಳಾದವು; ಹೊಲಗದ್ದೆಗಳ ನಡುವೆ ಬೆಳೆದು ಈ ವಿಭಾಗಗಳನ್ನು ಸೇರಿದ ವಿದ್ಯಾರ್ಥಿಗೆ, ತನ್ನ ಊರಿನ ಅಂಗಡಿಯಲ್ಲಿ ಮಾರುವ ಬಾಟಲಿಯೊಳಗಿನ ದ್ರವ್ಯವು ತನ್ನ ಊರಿನ ಕೆರೆಯ ಮೀನಿಗೆ ಏನು ಮಾಡುವುದೆಂಬುದು ದೂರದ ವಿಷಯವಾಗಿ ತೋರುವಂತಿರಲಿಲ್ಲ. ಅದಕ್ಕೆ ಬೇಕಾದ ಸಲಕರಣೆಗಳೂ ಬಡ ಪ್ರಯೋಗಶಾಲೆಯ ಅಳವಿನಲ್ಲಿಯೇ ಇದ್ದವು: ಗಾಜಿನ ತೊಟ್ಟಿಗಳು, ಒಂದು ತಕ್ಕಡಿ, ಕೆಲವು ಪಿಪೆಟ್ಟುಗಳು, ಬಿತ್ತನೆ ಮೀನುಮರಿಗಳು, ಮತ್ತು ಹಗಲಿರುಳು ಎದ್ದು ನೋಡಬಲ್ಲ ಒಬ್ಬ ಮನುಷ್ಯ. ಈ ಸಾಮಗ್ರಿಯಿಂದ ಆರಂಭವಾಗಿ ಮೂವತ್ತು ನಲವತ್ತು ವರ್ಷಗಳವರೆಗೆ ಸಾಗುವ ಪ್ರಾಧ್ಯಾಪಕನ ವೃತ್ತಿಜೀವನವು ಯಾವ ಮಾರ್ಗವಾಗಿ ಎಲ್ಲಿಗೆ ತಲುಪುವುದು, ತಲುಪಬೇಕು ಎಂಬುದನ್ನು ಇಲ್ಲಿ ಅರಿಯಲೆತ್ನಿಸೋಣ.

ಆ ಜೀವನದ ಮೊದಲ ಪಾಠವು ಸಾವನ್ನು ಎಣಿಸುವುದಾಗಿರುವುದು. ಒಂದು ವಿಷವು ಎಷ್ಟು ಪ್ರಬಲವೆಂಬುದನ್ನು ಹೇಳುವುದು ಹೇಗೆಂಬ ತೊಡಕನ್ನು ಬಿಡಿಸಿದವರು ಇಂಗ್ಲೆಂಡಿನ ಜೆ. ಡಬ್ಲ್ಯು. ಟ್ರೆವನ್. ಔಷಧಗಳ ಬಲವನ್ನು ಪ್ರಾಣಿಗಳ ಮೇಲೆ ಅಳೆಯುತ್ತಿದ್ದ ಅವರು, ಎಲ್ಲವನ್ನೂ ಕೊಲ್ಲುವ ಪ್ರಮಾಣವಾಗಲಿ ಒಂದನ್ನೂ ಕೊಲ್ಲದ ಪ್ರಮಾಣವಾಗಲಿ ಪ್ರತಿಸಲವೂ ಬದಲಾಗುತ್ತಿರುವುದನ್ನೂ, ಸರಿಯಾಗಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವು ಮಾತ್ರ ಹೆಚ್ಚು ಸ್ಥಿರವಾಗಿ ನಿಲ್ಲುವುದನ್ನೂ ಕಂಡು, 1927ರಲ್ಲಿ ಅದನ್ನೇ ಅಳತೆಗೋಲಾಗಿ ಸೂಚಿಸಿದರು. 1934ರಲ್ಲಿ ಸಿ. ಐ. ಬ್ಲಿಸ್ ಅವರು ಸಾವಿನ ಶೇಕಡಾವಾರನ್ನು ಸರಳರೇಖೆಯ ಮೇಲೆ ತರುವ ಪ್ರೊಬಿಟ್ ಗಣಿತವನ್ನು ಒದಗಿಸಿದರು, 1947ರಲ್ಲಿ ಡಿ. ಜೆ. ಫಿನ್ನಿಯವರು ಅದನ್ನು ಒಂದು ಗ್ರಂಥವಾಗಿ ವಿಸ್ತರಿಸಿದರು. ಜಲಚರಗಳಿಗೆ ಈ ಅಳತೆಯನ್ನು ಹೊಂದಿಸಿದಾಗ ಅದು ಅರ್ಧಮಾರಕ ಸಾಂದ್ರತೆ, ಎಂದರೆ ನಿರ್ದಿಷ್ಟ ಕಾಲದಲ್ಲಿ ನೂರಕ್ಕೆ ಐವತ್ತು ಜೀವಿಗಳನ್ನು ಕೊಲ್ಲುವ, ನೀರಿನೊಳಗಣ ವಿಷದ ಪ್ರಮಾಣ. ಪ್ರಯೋಗಶಾಲೆಯ ಮಾತಿನಲ್ಲಿ ಎಲ್‌ಸಿ ಐವತ್ತು. ಮೀನಿನ ಪ್ರಯೋಗಕ್ಕೆ ಲೋಕವೆಲ್ಲ ಒಪ್ಪಿರುವ ಕಾಲಾವಧಿಯು 96 ತಾಸು, ನಾಲ್ಕು ದಿನ ನಾಲ್ಕು ರಾತ್ರಿ.

ಆ ನಾಲ್ಕು ದಿನಗಳನ್ನು ಸಮೀಪದಿಂದ ನೋಡದೆ ಈ ಶಾಸ್ತ್ರದ ಸ್ವಭಾವವು ತಿಳಿಯದು. ಮರಿಗಳನ್ನು ತಂದೊಡನೆ ಪ್ರಯೋಗಕ್ಕಿಳಿಸುವಂತಿಲ್ಲ. ಕ್ಲೋರಿನ್ ಹೋಗಲಾಡಿಸಿದ ನೀರಿನಲ್ಲಿ ಅವು ಹಲವು ದಿನಗಳಿದ್ದು, ಪ್ರಯಾಣದ ಬಳಲಿಕೆಯನ್ನು ಕಳೆದು, ಹೊಸ ಜಾಗಕ್ಕೆ ಒಗ್ಗಬೇಕು. ಪ್ರಯೋಗಕ್ಕೆ ಒಂದು ದಿನ ಮೊದಲೇ ಮೇವನ್ನು ನಿಲ್ಲಿಸುವರು, ಮಲವು ನೀರನ್ನು ಕೆಡಿಸದಿರಲೆಂದು. ತರುವಾಯ ಒಂದೊಂದು ತೊಟ್ಟಿಗೆ ಹತ್ತರಂತೆ ಸಮಗಾತ್ರದ ಮರಿಗಳನ್ನು ಬಿಟ್ಟು, ಒಂದಕ್ಕಿಂತ ಒಂದರಲ್ಲಿ ವಿಷವನ್ನು ಏರಿಸುತ್ತ ಹೋಗಿ, ಒಂದು ತೊಟ್ಟಿಯನ್ನು ಮಾತ್ರ ವಿಷರಹಿತವಾಗಿ ಉಳಿಸಿಕೊಳ್ಳುವರು. ಈ ಸಾಕ್ಷಿತೊಟ್ಟಿಯಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮೀನು ಸತ್ತರೆ ಇಡೀ ಪ್ರಯೋಗವು ತ್ಯಾಜ್ಯವಾಗುವುದು. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೊಫಾಸ್ಫರಸ್ ವಿಷವಾಗಿದ್ದರೆ ಮೊದಲಿಗೆ ಗುಂಪು ಒಡೆಯುವುದು: ಒಟ್ಟಾಗಿ ಈಜುತ್ತಿದ್ದ ಮರಿಗಳು ದಿಕ್ಕಿಗೊಂದಾಗಿ ಚೆದರುವುವು. ಕಿವಿರುಮುಚ್ಚಳದ ಬಡಿತವು ತೀವ್ರವಾಗುವುದು. ಮರಿಗಳು ಮೇಲಕ್ಕೆ ಬಂದು ನೀರಿನ ಅಂಚಿನಲ್ಲಿ ಬಾಯ್ದೆರೆದು ಗುಟುಕರಿಸುವುವು. ಮೈಮೇಲೆ ಲೋಳೆಯ ಪೊರೆ ದಪ್ಪವಾಗುವುದು. ಆಮೇಲೆ ಸ್ನಾಯುಗಳ ಸೆಳೆತವು ಆರಂಭವಾಗಿ, ಮೀನು ಗಾಜಿಗೆ ಬಡಿಯುವಂತೆ ಥಟ್ಟನೆ ನುಗ್ಗಿ, ಮಗ್ಗುಲಾಗಿ ತಿರುಗಿ, ಸುತ್ತುತ್ತ ತಳಕ್ಕಿಳಿಯುವುದು. ಬಾಲದ ಬುಡವನ್ನು ಗಾಜಿನ ಕಡ್ಡಿಯಿಂದ ಮುಟ್ಟಿದರೂ ಅಲುಗದಿದ್ದರೆ ಮಾತ್ರ ಸತ್ತಿತೆಂದು ಬರೆದುಕೊಂಡು, ಕೊಳೆತು ಮಿಕ್ಕವಕ್ಕೆ ಬಾಧೆಯಾಗದಂತೆ ಒಡನೆಯೇ ಹೊರತೆಗೆಯಬೇಕು. ಈ ಕಾರ್ಯವನ್ನು ಯಾಂತ್ರಿಕವೆಂದು ಭಾವಿಸುವವರಿದ್ದಾರೆ. ಆದರೆ ನಡುರಾತ್ರಿಯಲ್ಲಿ ಎದ್ದು ಬಂದು, ಸಾಯುತ್ತಿರುವ ಜೀವಿಯ ಒಂದೊಂದು ಚಲನೆಯನ್ನೂ ನಿಷ್ಠೆಯಿಂದ ಬರೆದಿಡುವುದರಲ್ಲಿ ಒಂದು ಬಗೆಯ ತಪಸ್ಸು ಇದೆ. ಆ ಜೀವಿಯ ಸಾವು ವ್ಯರ್ಥವಾಗಬಾರದೆಂಬ ಹೊಣೆಯೂ ಇದೆ.

ಹೀಗೆ ದೊರೆತ ಅಂಕಿಗಳ ಸೂಕ್ಷ್ಮತೆಯನ್ನು ಮನಸ್ಸಿಗೆ ತಂದುಕೊಳ್ಳಲು ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಹಿಂದೆ ನಮ್ಮ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತಿದ್ದ ಎಂಡೋಸಲ್ಫಾನ್‌ನ ಒಂದು ಲೀಟರಿನಲ್ಲಿ 350 ಗ್ರಾಂ ವಿಷಾಂಶವಿರುತ್ತಿದ್ದಿತು. ಎಂದರೆ ಒಂದು ಮಿಲಿಲೀಟರಿನಲ್ಲಿ 350 ಮಿಲಿಗ್ರಾಂ. ಅನೇಕ ಜಾತಿಯ ಮೀನುಗಳಲ್ಲಿ ಅದರ ಅರ್ಧಮಾರಕ ಸಾಂದ್ರತೆಯು ಲೀಟರಿಗೆ ಒಂದೆರಡು ಮೈಕ್ರೋಗ್ರಾಂಗಳ ಆಸುಪಾಸಿನಲ್ಲಿರುವುದು. ಮೈಕ್ರೋಗ್ರಾಂ ಎಂಬುದು ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಮೂರೂವರೆ ಮೀಟರ್ ಆಳದ ಕೃಷಿಹೊಂಡವೊಂದು ತುಂಬಿದರೆ ಅದರಲ್ಲಿ 3,50,000 ಲೀಟರ್ ನೀರು ನಿಲ್ಲುವುದು. ಬಾಟಲಿಯ ಮುಚ್ಚಳದ ಅಡಿಯಲ್ಲಿ ಅಂಟಿಕೊಳ್ಳುವ ಒಂದು ಮಿಲಿಲೀಟರು ಆ ಹೊಂಡದಲ್ಲಿ ಪೂರ್ಣವಾಗಿ ಕಲೆತರೆ ಪ್ರತಿ ಲೀಟರಿಗೂ ಒಂದು ಮೈಕ್ರೋಗ್ರಾಂ ಆಗುವುದು. ನಿಜವಾದ ಹೊಂಡದಲ್ಲಿ ಎರೆಮಣ್ಣಿನ ಕಣಗಳು ವಿಷದ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುವುವು, ಕ್ಷಾರೀಯವಾದ ನೀರು ಇನ್ನೊಂದು ಪಾಲನ್ನು ಒಡೆಯುವುದು ಎಂಬುದು ದಿಟ. ಆದರೆ ಒಡೆದಾಗ ಹುಟ್ಟುವುದೆಲ್ಲ ನಿರುಪದ್ರವಿಯಲ್ಲ. ಎಂಡೋಸಲ್ಫಾನ್ ಉತ್ಕರ್ಷಣಗೊಂಡು ಆಗುವ ಎಂಡೋಸಲ್ಫಾನ್ ಸಲ್ಫೇಟು ತಾಯಿದ್ರವ್ಯದಷ್ಟೇ ವಿಷಕಾರಿಯಾಗಿಯೂ ಅದಕ್ಕಿಂತ ದೀರ್ಘಾಯುವಾಗಿಯೂ ಇರುವುದು.

ನೆಲದ ಪ್ರಾಣಿಗಳಿಗಿಂತ ಮೀನು ಈ ವಿಷಗಳಿಗೆ ಇಷ್ಟೊಂದು ಸುಲಭವಾಗಿ ಬಲಿಯಾಗುವುದಕ್ಕೆ ಕಾರಣವು ಅದರ ಉಸಿರಿನಲ್ಲಿಯೇ ಇದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿರುವಲ್ಲಿ, 30 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಕರಗಬಲ್ಲುದು ಏಳೂವರೆ ಮಿಲಿಗ್ರಾಮಿನಷ್ಟು ಮಾತ್ರ. ಈ ಕೊರತೆಯನ್ನು ತುಂಬಿಕೊಳ್ಳಲು ಮೀನು ತನ್ನ ಕಿವಿರುಗಳ ಮೂಲಕ ಅಪಾರವಾದ ನೀರನ್ನು ನಿರಂತರವಾಗಿ ಹಾಯಿಸಬೇಕು. ಆ ಕಿವಿರಿನ ತೆಳ್ಳನೆಯ ಪದರವು ಆಮ್ಲಜನಕಕ್ಕೆ ಎಷ್ಟು ತೆರೆದಿರುವುದೋ, ಕೊಬ್ಬಿನಲ್ಲಿ ಕರಗುವ ಕೀಟನಾಶಕದ ಅಣುಗಳಿಗೂ ಅಷ್ಟೇ ತೆರೆದಿರುವುದು. ಯಾದಗಿರಿಯ ಬೇಸಗೆಯಲ್ಲಿ, ನೆರಳಿನಲ್ಲಿಯೂ ಪಾದರಸವು 40 ಡಿಗ್ರಿಯನ್ನು ದಾಟುವ ದಿನಗಳಲ್ಲಿ, ಕುಗ್ಗಿದ ಕೆರೆಯ ಬಿಸಿನೀರಿನಲ್ಲಿ ಆಮ್ಲಜನಕ ಇನ್ನೂ ಕಡಿಮೆ, ಮೀನಿನ ಅಗತ್ಯ ಇನ್ನೂ ಹೆಚ್ಚು. ಆದುದರಿಂದ ಕಿವಿರಿನ ಮೇಲೆ ಹಾಯುವ ನೀರೂ ಅದರೊಡನೆ ಒಳಸೇರುವ ವಿಷವೂ ಹೆಚ್ಚುವುವು. ಸೇವಂತಿಗೆಯ ಬಳಗದ ಹೂವೊಂದರ ವಿಷವನ್ನು ಅನುಕರಿಸಿ ರಚಿಸಿದ ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡುಗಳನ್ನು ಮನುಷ್ಯನ ಯಕೃತ್ತು ಬೇಗನೆ ಒಡೆದುಹಾಕಬಲ್ಲುದು. ಮೀನಿಗೆ ಆ ಸಾಮರ್ಥ್ಯವು ಅತ್ಯಲ್ಪ. ಮನೆಯೊಳಗೆ ಸಿಂಪಡಿಸಿದರೂ ತಕ್ಕಮಟ್ಟಿಗೆ ಕ್ಷೇಮವೆನಿಸಿದ ದ್ರವ್ಯವು ಕೆರೆಯಲ್ಲಿ ಘೋರವಾಗುವುದು ಈ ಕಾರಣದಿಂದ.

ವಿಷವು ಒಳಸೇರಿ ಮಾಡುವುದೇನೆಂಬುದನ್ನು ಆರ್ಗನೊಫಾಸ್ಫರಸ್ ದ್ರವ್ಯಗಳ ಸಂಬಂಧದಲ್ಲಿ ಶಾಸ್ತ್ರವು ಬಲು ಸ್ಪಷ್ಟವಾಗಿ ಬಲ್ಲುದು. ನರತಂತುವೊಂದು ಸ್ನಾಯುವಿಗೋ ಇನ್ನೊಂದು ನರಕ್ಕೋ ಸಂದೇಶವನ್ನು ಮುಟ್ಟಿಸುವುದು ಅಸಿಟೈಲ್‌ಕೊಲಿನ್ ಎಂಬ ದ್ರವ್ಯದ ಮೂಲಕ. ಸಂದೇಶವು ಮುಟ್ಟಿದ ಕ್ಷಣವೇ, ಓದಿಯಾದ ಓಲೆಯನ್ನು ಹರಿದುಹಾಕುವ ಸೇವಕನಂತೆ, ಅಸಿಟೈಲ್‌ಕೊಲಿನೆಸ್ಟರೇಸ್ ಎಂಬ ಕಿಣ್ವವು ಅದನ್ನು ಒಡೆಯುವುದು. ವಿಷವು ಈ ಕಿಣ್ವದ ಕ್ರಿಯಾಸ್ಥಾನವನ್ನು ಹಿಡಿದು ಕಟ್ಟಿಹಾಕಿದಾಗ ಅದೇ ಸಂದೇಶವು ಮತ್ತೆ ಮತ್ತೆ ಸ್ನಾಯುವಿಗೆ ತಲುಪಿ, ತೊಟ್ಟಿಯಲ್ಲಿ ನಾವು ಕಂಡ ಆ ಸೆಳೆತವಾಗುವುದು. ಇನ್ನೂ ವಿಸ್ಮಯದ ಸಂಗತಿಯೊಂದುಂಟು: ಮೆಲಾಥಿಯಾನ್ ತಾನಾಗಿ ದುರ್ಬಲವಾದ ವಿಷ; ದೇಹವು ಅದನ್ನು ಹೊರಹಾಕಲು ತನ್ನ ಕಿಣ್ವಗಳಿಂದ ಮಾರ್ಪಡಿಸತೊಡಗಿದಾಗ ಹುಟ್ಟುವ ಮೆಲಾಕ್ಸಾನ್ ಎಂಬುದೇ ನಿಜವಾದ ಕೊಲೆಗಾರ. 1961ರಲ್ಲಿ ಜಾರ್ಜ್ ಎಲ್‌ಮನ್ ಅವರು ಈ ಕಿಣ್ವದ ಶಕ್ತಿಯನ್ನು ಅಳೆಯಲು ಸುಲಭವಾದ ವಿಧಾನವೊಂದನ್ನು ಕೊಟ್ಟರು. ಮೀನಿನ ಮಿದುಳನ್ನು ತೆಗೆದು, ಮಂಜುಗಡ್ಡೆಯ ಮೇಲಿಟ್ಟು ಅರೆದು, ಆ ದ್ರವಕ್ಕೆ ತಕ್ಕ ರಾಸಾಯನಿಕಗಳನ್ನು ಬೆರೆಸಿದರೆ ಕಿಣ್ವವು ಕೆಲಸ ಮಾಡುತ್ತಿದ್ದಂತೆಯೇ ನಳಿಗೆಯಲ್ಲಿ ಹಳದಿ ಬಣ್ಣವು ಏರತೊಡಗುವುದು. ಅದನ್ನು 412 ನ್ಯಾನೊಮೀಟರ್ ತರಂಗದಲ್ಲಿ ಅಳೆಯುವರು. ಆರೋಗ್ಯವಂತ ಮೀನಿನ ನಳಿಗೆ ನೋಡುತ್ತಿದ್ದಂತೆಯೇ ಹಳದಿಯಾಗುವುದು, ವಿಷವುಂಡ ಮೀನಿನದು ಬಹಳ ಹೊತ್ತು ಮಂಕಾಗಿಯೇ ಉಳಿಯುವುದು.

ಈ ಎರಡನೆಯ ನಳಿಗೆಯ ಮೀನು ಸತ್ತದ್ದಾಗಿರಬೇಕಿಲ್ಲ ಎಂಬುದು ಗಮನಿಸತಕ್ಕ ವಿಷಯ. ಅದು ಈಜುತ್ತಿದ್ದಿತು, ಉಸಿರಾಡುತ್ತಿದ್ದಿತು. ಹೊರಗಿನಿಂದ ನೋಡಿದವರಿಗೆ ಅದರಲ್ಲಿ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಪ್ರಾಣಿಶಾಸ್ತ್ರಜ್ಞನ ವೃತ್ತಿಯಲ್ಲಿ ಒಂದು ದೊಡ್ಡ ತಿರುವು ಬರುವುದು ಇಲ್ಲಿಯೇ. 96 ತಾಸುಗಳ ಅಂಕಿಯನ್ನು ಕಂಡುಹಿಡಿದಾದ ಮೇಲೆ, ಅದರ ಹತ್ತನೆಯ ಒಂದು ಪಾಲನ್ನೋ ಇನ್ನೂ ಅಲ್ಪವಾದ ಪಾಲನ್ನೋ ನೀರಿಗೆ ಬೆರೆಸಿ, ಮೀನನ್ನು ವಾರಗಟ್ಟಲೆ ಇಟ್ಟು, ಅದು ಸಾಯದಿರುವಾಗ ಅದರೊಳಗೆ ಏನಾಗುವುದೆಂಬುದನ್ನು ಆತನು ಹುಡುಕತೊಡಗುವನು. ಧಾರವಾಡದ ಪ್ರಾಣಿಶಾಸ್ತ್ರ ವಿಭಾಗದ ಎಂ. ಡೇವಿಡ್ ಅವರೂ ಅವರ ಸಹೋದ್ಯೋಗಿಗಳೂ 2004ರಲ್ಲಿ ‘ಕೀಮೋಸ್ಫಿಯರ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಈ ಜಾತಿಯದು: ಸಾಮಾನ್ಯ ಗೆಂಡೆ ಮೀನನ್ನು ಮಾರಕವಲ್ಲದ ಪ್ರಮಾಣದ ಸೈಪರ್‌ಮೆಥ್ರಿನ್‌ನಲ್ಲಿ ಇರಿಸಿದಾಗ ಅದರ ಅಂಗಾಂಶಗಳ ಪ್ರೋಟೀನು ಕುಗ್ಗುತ್ತ ಹೋಗುವುದನ್ನೂ, ಪ್ರೋಟೀನನ್ನು ಒಡೆಯುವ ಕಿಣ್ವಗಳ ಚಟುವಟಿಕೆಯೂ ಬಿಡಿ ಅಮೈನೊ ಆಮ್ಲಗಳೂ ಏರುವುದನ್ನೂ ಅವರು ತೋರಿಸಿದರು. ಇದರ ಅರ್ಥವು ಗಂಭೀರವಾದುದು. ವಿಷವನ್ನು ಎದುರಿಸಿ ಬದುಕುವುದಕ್ಕೆ ಮೀನು ಬೆಲೆ ತೆರಬೇಕು. ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೊಜನ್ನು ಕರಗುವುದು, ಅದು ಸಾಲದಾದಾಗ ತನ್ನ ಮೈಯನ್ನೇ ಇಂಧನವಾಗಿಸಿಕೊಳ್ಳುವುದು. ಬೆಳೆಯಲಿಕ್ಕೂ ಮೊಟ್ಟೆ ಕಟ್ಟಲಿಕ್ಕೂ ಮೀಸಲಾಗಬೇಕಾದ ಸಂಪತ್ತು ಬರಿಯ ಪ್ರಾಣಧಾರಣೆಗೆ ವೆಚ್ಚವಾಗುವುದು. ಸೂಕ್ಷ್ಮದರ್ಶಕದಡಿಯಲ್ಲಿ ಕಿವಿರಿನ ಎಳೆಗಳ ಹೊರಪೊರೆಯು ಎದ್ದು ನಿಂತಿರುವುದೂ, ಎಳೆಗಳು ಒಂದಕ್ಕೊಂದು ಅಂಟಿಕೊಂಡಿರುವುದೂ, ಅಂಡಾಶಯದಲ್ಲಿ ಬಲಿಯಬೇಕಾದ ಮೊಟ್ಟೆಗಳು ನಡುವೆಯೇ ಕರಗಿಹೋಗಿರುವುದೂ ಇಂಥ ಅಧ್ಯಯನಗಳಲ್ಲಿ ಮೇಲಿಂದ ಮೇಲೆ ಕಂಡುಬಂದಿರುವುದು. ತೊಟ್ಟಿಯಲ್ಲಿ ಆ ಮೀನನ್ನು ಹಿಡಿಯುವ ಬೆಳ್ಳಕ್ಕಿಯಿಲ್ಲ, ಅದಕ್ಕೆ ಪ್ರವಾಹಕ್ಕೆದುರಾಗಿ ಈಜಬೇಕಾದ ಅಗತ್ಯವಿಲ್ಲ. ಹಳ್ಳದಲ್ಲಿ ಎರಡೂ ಇವೆ. ಆದುದರಿಂದ ಪ್ರಯೋಗಶಾಲೆಯಲ್ಲಿ ಬದುಕಿತೆಂದು ಬರೆದ ಮೀನು ಹಳ್ಳದಲ್ಲಿ ಬದುಕೀತೆಂದು ಹೇಳುವ ಅಧಿಕಾರವು ನಮಗಿಲ್ಲ. ಮೊದಲ ಅಂಕಿಯನ್ನೇ ಕೊನೆಯ ಮಾತೆಂದು ತಿಳಿದು, ಒಂದು ವಿಷದ ತರುವಾಯ ಇನ್ನೊಂದು ವಿಷಕ್ಕೆ ಅದೇ ಅರ್ಧಮಾರಕ ಸಾಂದ್ರತೆಯನ್ನು ಕಂಡುಹಿಡಿಯುತ್ತ ಮುಗಿದುಹೋದ ಸಂಶೋಧನೆಗಳು ನಮ್ಮಲ್ಲಿ ಬಹಳವಿರುವುದು ನನಗೆ ವ್ಯಸನವನ್ನುಂಟುಮಾಡುವುದು. ಅವುಗಳ ಹಿಂದಿನ ಶ್ರಮವು ಇನ್ನೂ ಮುಂದಿನ ಪ್ರಶ್ನೆಗಳಿಗೆ ಅರ್ಹವಾಗಿದ್ದಿತು.

ಮೀನೊಂದನ್ನೇ ನೋಡುವುದೂ ಸಾಲದು. ನಮ್ಮ ಕುಡಿಯುವ ನೀರಿನ ಭಾರತೀಯ ಮಾನಕವು ಕ್ಲೋರ್‌ಪೈರಿಫಾಸನ್ನು ಲೀಟರಿಗೆ 30 ಮೈಕ್ರೋಗ್ರಾಂ, ಮೆಲಾಥಿಯಾನನ್ನು 190 ಮೈಕ್ರೋಗ್ರಾಂ, ಎಂಡೋಸಲ್ಫಾನನ್ನು 0.4 ಮೈಕ್ರೋಗ್ರಾಂವರೆಗೆ ಸೈರಿಸುವುದು. ಡ್ಯಾಫ್ನಿಯಾ ಎಂಬ ನೀರುಚಿಗಟವು, ಮೀನುಮರಿಗಳ ಮೊದಲ ಆಹಾರವಾದ ಆ ಸಣ್ಣ ಜೀವಿಯು, ಕ್ಲೋರ್‌ಪೈರಿಫಾಸ್‌ನಲ್ಲಿ ಲೀಟರಿಗೆ ಒಂದು ಮೈಕ್ರೋಗ್ರಾಂಗಿಂತ ಕಡಿಮೆಯಿರುವಾಗಲೇ ನಿಶ್ಚೇಷ್ಟಿತವಾಗುವುದು. ಮನುಷ್ಯನು ಕುಡಿಯಬಹುದೆಂದು ನಿಯಮವು ಹೇಳುವ ನೀರಿನಲ್ಲಿ ನೀರುಚಿಗಟವು ಒಂದೆರಡು ದಿನವೂ ಬದುಕದು; ಅದಿಲ್ಲದೆಡೆ ಮೀನುಮರಿಗೆ ಉಪವಾಸ. ಮನುಷ್ಯನ ಅಳತೆಯಿಂದ ಕೆರೆಯನ್ನು ಅಳೆಯಬಾರದೆಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ನನಗೆ ತಿಳಿಯದು.

ಆಹಾರಸರಪಳಿಯ ಇನ್ನೊಂದು ತುದಿಯಲ್ಲಿ ಆಗುವ ಅನಾಹುತವನ್ನು ಜಗತ್ತು ಕಂಡುಕೊಂಡುದು ಕ್ಯಾಲಿಫೋರ್ನಿಯದ ಕ್ಲಿಯರ್ ಲೇಕ್ ಎಂಬ ಸರೋವರದಲ್ಲಿ. ಅಲ್ಲಿ ಕಾಟ ಕೊಡುತ್ತಿದ್ದ ಸಣ್ಣ ನೊಣಗಳನ್ನು ಅಡಗಿಸಲು 1949, 1954 ಮತ್ತು 1957ರಲ್ಲಿ ಡಿಡಿಟಿಯ ಸಮೀಪಬಂಧುವಾದ ಡಿಡಿಡಿಯನ್ನು ಅತ್ಯಲ್ಪವಾಗಿ, ಹತ್ತು ಲಕ್ಷಕ್ಕೆ 0.02 ಪಾಲಿಗೂ ಮೀರದಂತೆ, ನೀರಿಗೆ ಬೆರೆಸಿದರು. ಸಾವಿರಕ್ಕೂ ಹೆಚ್ಚು ಜೋಡಿಯಾಗಿ ಗೂಡು ಕಟ್ಟುತ್ತಿದ್ದ ಗ್ರೀಬ್ ಎಂಬ ಮೀನುಭಕ್ಷಕ ಹಕ್ಕಿಗಳು 1960ರ ವೇಳೆಗೆ ಮೂವತ್ತು ಜೋಡಿಗಳಿಗೆ ಇಳಿದವು. ಸತ್ತ ಹಕ್ಕಿಯ ಕೊಬ್ಬಿನಲ್ಲಿ ವಿಷವು ಹತ್ತು ಲಕ್ಷಕ್ಕೆ 1,600 ಪಾಲಾಗಿ ಸಂಚಯವಾಗಿದ್ದಿತು. 1962ರಲ್ಲಿ ರೇಚಲ್ ಕಾರ್ಸನ್ ಅವರು ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ಈ ವೃತ್ತಾಂತವನ್ನು ಲೋಕದ ಮುಂದಿರಿಸಿದರು. ಸುರಪುರದ ಬಳಿಯ ಬೋನಾಳ ಕೆರೆಯನ್ನು, ನಾಯಕ ದೊರೆಗಳು ಕಟ್ಟಿಸಿ ಇಂದು ಪಕ್ಷಿಧಾಮವಾಗಿರುವ ಆ ವಿಶಾಲವಾದ ನೀರನ್ನು ನೋಡುವಾಗ ನನ್ನ ಮನಸ್ಸು ಕ್ಲಿಯರ್ ಲೇಕಿನತ್ತ ಹೋಗುವುದು. ಮೀನನ್ನು ತಿನ್ನುವ ಹಕ್ಕಿಗಳು ನೆಲೆಸುವ ಕೆರೆಯಲ್ಲಿ ನೀರನ್ನು ಮಾತ್ರ ಪರೀಕ್ಷಿಸಿ ತೃಪ್ತರಾಗುವಂತಿಲ್ಲ. ಕೆಸರನ್ನೂ ಮೀನಿನ ಕೊಬ್ಬನ್ನೂ ಒಡೆಯದೆ ಉಳಿದ ಹಕ್ಕಿಮೊಟ್ಟೆಗಳನ್ನೂ ಪರೀಕ್ಷಿಸಬೇಕು.

ಕನ್ನಡ ನಾಡಿನ ಅಂಚಿನಲ್ಲಿಯೇ ಇಂಥ ಪಾಠವೊಂದು ನಡೆದುಹೋಗಿದೆ. ಕಾಸರಗೋಡಿನ ಗೇರುತೋಟಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ಗುಡ್ಡದ ತೊರೆಗಳೂ ಸುರಂಗದ ನೀರೂ ಅದೇ ತೋಟಗಳ ಕೆಳಗಿದ್ದವು. ವಾಣಿನಗರದ ವೈದ್ಯರಾದ ವೈ. ಎಸ್. ಮೋಹನ ಕುಮಾರ್ ಅವರೂ ಪತ್ರಕರ್ತರಾದ ಶ್ರೀಪಡ್ರೆಯವರೂ ಎತ್ತಿದ ದನಿಯು ದೇಶವನ್ನು ಎಚ್ಚರಿಸಲು ಬಹುವರ್ಷಗಳು ಹಿಡಿದವು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಆ ದ್ರವ್ಯವನ್ನು ತ್ಯಾಜ್ಯಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಇದರ ಮಗ್ಗುಲಿಗೆ ಸಾಗರ ತಾಲೂಕಿನ ಹಂದಿಗೋಡಿನ ವೃತ್ತಾಂತವನ್ನೂ ಇರಿಸಿ ನೋಡುವುದು ನ್ಯಾಯ. 1970ರ ದಶಕದಲ್ಲಿ ಅಲ್ಲಿ ಕೀಲುಮೂಳೆಗಳನ್ನು ಕುಗ್ಗಿಸುವ ವ್ಯಾಧಿಯೊಂದು ಬೆಳಕಿಗೆ ಬಂದಾಗ, ಕೀಟನಾಶಕ ಬೆರೆತ ಬತ್ತದ ಗದ್ದೆಯ ಏಡಿಗಳನ್ನು ತಿಂದುದೇ ಅದಕ್ಕೆ ಕಾರಣವೆಂಬ ಶಂಕೆ ಬಲವಾಗಿ ಹಬ್ಬಿದ್ದಿತು. ಮುಂದಣ ಅಧ್ಯಯನಗಳು ಅದು ವಂಶಪಾರಂಪರ್ಯವಾಗಿ ಇಳಿದುಬರುವ ವ್ಯಾಧಿಯೆಂದು ತೋರಿಸಿದವು. ವಿಷದ ವಿರುದ್ಧ ಮಾತಾಡುವ ವಿಜ್ಞಾನಿಗೆ ಕಾರಣವನ್ನು ನಿರ್ಣಯಿಸುವಲ್ಲಿ ಉಳಿದೆಲ್ಲರಿಗಿಂತ ಹೆಚ್ಚಿನ ಕಟ್ಟುನಿಟ್ಟು ಬೇಕು. ಏಕೆಂದರೆ ಒಂದು ಸಲ ತಪ್ಪಿದ ಆರೋಪವು ಮುಂದೆ ಮಾಡುವ ಹತ್ತು ನಿಜವಾದ ಆರೋಪಗಳನ್ನು ದುರ್ಬಲಗೊಳಿಸುವುದು.

ಎಂಡೋಸಲ್ಫಾನ್ ಹೋದುದರಿಂದ ಕಾಲುವೆಯ ನೀರು ನಿಶ್ಚಿಂತವಾಗಲಿಲ್ಲ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಕಾಯಿಕೊರಕಕ್ಕೆಂದು ಹೊಡೆಯುವ ಎಣ್ಣೆಯು ಕೆಲಕಾಲ ತಗ್ಗಿದರೂ, ರಸಹೀರುವ ಕೀಟಗಳಿಗೆಂದು ಇಮಿಡಾಕ್ಲೊಪ್ರಿಡ್‌ನಂಥ ಹೊಸ ದ್ರವ್ಯಗಳು ಬಂದವು. ಇವುಗಳ ನಡತೆಯು ಹಳೆಯ ಪರೀಕ್ಷೆಗೆ ಸಿಕ್ಕತಕ್ಕುದಲ್ಲ. ಮೀನನ್ನು ಕೊಲ್ಲಲು ಇಮಿಡಾಕ್ಲೊಪ್ರಿಡ್ ಲೀಟರಿಗೆ ನೂರು ಮಿಲಿಗ್ರಾಮಿನ ಮಟ್ಟದಲ್ಲಿ ಬೇಕಾಗುವುದರಿಂದ 96 ತಾಸುಗಳ ಪ್ರಯೋಗವು ಅದನ್ನು ಕ್ಷೇಮವೆಂದೇ ಸಾರುವುದು. ಆದರೆ ಬಾಲ್ಯವನ್ನೆಲ್ಲ ನೀರಿನಲ್ಲಿ ಕಳೆದು ಒಂದೆರಡು ದಿನ ಮಾತ್ರ ರೆಕ್ಕೆಯೊಡನೆ ಬಾಳುವ ಮೇ ನೊಣದ ಮರಿಗಳು, ಮೀನಿನ ಸಹಜವಾದ ಆಹಾರಗಳಲ್ಲೊಂದಾದ ಅವು, ಮೈಕ್ರೋಗ್ರಾಂಗಳ ಮಟ್ಟದಲ್ಲಿಯೇ ನಾಶವಾಗುವುವು. ಇನ್ನು ಹತ್ತಿಯ ರೈತನಿಗೆ ಒಂದೇ ಬಾಟಲಿಯಲ್ಲಿ ದೊರೆಯುವ ಮಿಶ್ರಣಗಳಿವೆ. ಪ್ರೊಫೆನೊಫಾಸ್ ನೂರಕ್ಕೆ 40, ಸೈಪರ್‌ಮೆಥ್ರಿನ್ ನೂರಕ್ಕೆ 4 ಇರುವುದು ಅವುಗಳಲ್ಲೊಂದು. ಪೈರೆಥ್ರಾಯ್ಡನ್ನು ಒಡೆಯಲು ಜೀವಿಗೆ ಇರುವ ಕಾರ್ಬಾಕ್ಸಿಲೆಸ್ಟರೇಸ್ ಕಿಣ್ವವನ್ನು ಆರ್ಗನೊಫಾಸ್ಫರಸ್ ದ್ರವ್ಯವು ಕಟ್ಟಿಹಾಕುವುದರಿಂದ, ಒಂದರ ಎದುರಿಗೆ ಇದ್ದ ಅಲ್ಪ ರಕ್ಷಣೆಯನ್ನೂ ಇನ್ನೊಂದು ಕಸಿಯುವುದು. ಹುಳುವಿನ ನಿರೋಧಶಕ್ತಿಯನ್ನು ಮುರಿಯಲೆಂದೇ ಯೋಜಿತವಾದ ಈ ಉಪಾಯವು ಮೀನಿನಲ್ಲಿಯೂ ಅದೇ ಪ್ರಕಾರ ನಡೆಯುವುದು. ಒಂದು ತೊಟ್ಟಿ, ಒಂದು ವಿಷ ಎಂಬ ಪದ್ಧತಿಯು ಈ ನೀರಿನ ಸತ್ಯವನ್ನು ಹೇಳಲಾರದು.

ಪರೀಕ್ಷೆಗೆ ಗುರಿಯಾಗುವ ಮೀನೂ ಈ ನೀರಿನದಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಮೀನುಗಳಿಂದ ಮೊಟ್ಟೆ ಪಡೆಯುವುದನ್ನು ಸಾಧಿಸಿದ ಮೇಲೆ, ಸಮವಯಸ್ಸಿನ ಮರಿಗಳು ಎಲ್ಲೆಲ್ಲಿಯೂ ದೊರೆಯುವಂತಾಗಿ, ಗಂಗೆಯ ಬಯಲಿನಿಂದ ಬಂದ ರೋಹು, ಮೃಗಾಲಗಳೂ ಹೊರದೇಶದ ಸಾಮಾನ್ಯ ಗೆಂಡೆಯೂ ನಮ್ಮ ಪ್ರಯೋಗಶಾಲೆಗಳ ನಿತ್ಯದ ಮೀನುಗಳಾದವು. ಭೀಮೆಯ ಮೀನುಗಳನ್ನು ಹೆಸರಿಟ್ಟು ವರ್ಣಿಸಿದವರು 1820ರ ದಶಕದಲ್ಲಿ ದಖ್ಖನಿನಲ್ಲಿ ಸಂಚರಿಸಿದ ಕರ್ನಲ್ ಸೈಕ್ಸ್. ಅವರು ಗುರುತಿಸಿದ ಕೋಲಸ್ ಮೊದಲಾದ ನದೀಮೀನುಗಳಿಗಾಗಲಿ, ಹಳ್ಳಗಳ ಬೆರಳುದ್ದದ ಪುಂಟಿಯಸ್‌ಗಳಿಗಾಗಲಿ, ಬತ್ತದ ಮಡಿಯ ಕೊರವ ಮೀನಿಗಾಗಲಿ, ಏಡಿಗಾಗಲಿ ರೋಹುವಿನ ಅಂಕಿಯನ್ನು ಹಾಗೆಯೇ ಅನ್ವಯಿಸುವುದು ಶಾಸ್ತ್ರಸಮ್ಮತವಲ್ಲ.

ಆದುದರಿಂದ ಈ ಸೀಮೆಯಲ್ಲಿ ಪ್ರಾಣಿಶಾಸ್ತ್ರವನ್ನು ಕಲಿಸುವವರು ಮುಂದೆ ಕೈಗೊಳ್ಳಬೇಕಾದ ಕೆಲಸವು ತೊಟ್ಟಿಯನ್ನು ಬಿಟ್ಟು ಹೊರಗೆ ಇದೆಯೆಂದು ನಾನು ನಂಬಿರುವೆನು. ಅದಕ್ಕೆ ಉಪಾಯವೂ ಸಿದ್ಧವಾಗಿದೆ. ಬಲೆಯಿಂದ ಹೊದಿಸಿದ ಸಣ್ಣ ಪಂಜರಗಳಲ್ಲಿ ಊರಿನ ಮೀನುಗಳನ್ನೇ ಇರಿಸಿ, ಕೃಷ್ಣೆಯ ನೀರು ಹೊಲಗಳನ್ನು ಮುಟ್ಟುವ ಮೊದಲಿನ ಕಾಲುವೆಯಲ್ಲೊಂದನ್ನೂ, ಬತ್ತ ಹತ್ತಿಗಳಿಂದ ಬಸಿದು ಬರುವ ಹಳ್ಳದಲ್ಲೊಂದನ್ನೂ, ಆ ಹಳ್ಳವು ಭೀಮೆಯನ್ನು ಕೂಡುವ ಕೆಳಗಡೆಯಲ್ಲಿ ಮತ್ತೊಂದನ್ನೂ ನಿಲ್ಲಿಸಿ, ಎಣ್ಣೆ ಹೊಡೆಯುವ ಹಂಗಾಮಿನ ಮೊದಲು, ನಡುವೆ, ಕೊನೆಯಲ್ಲಿ ಒಂದೊಂದರಿಂದ ಕೆಲವು ಮೀನುಗಳನ್ನು ತೆಗೆದು, ಮಿದುಳಿನ ಕಿಣ್ವವನ್ನು ಎಲ್‌ಮನ್ನರ ವಿಧಾನದಿಂದ ಅಳೆಯಬಹುದು. ನೀರಿನ ಸೀಸೆಯೊಂದನ್ನು ತುಂಬಿ ತಂದರೆ ಅದು ಆ ಗಳಿಗೆಯ ಸ್ಥಿತಿಯನ್ನು ಮಾತ್ರ ಹೇಳುವುದು, ಮಧ್ಯಾಹ್ನ ಹರಿದುಹೋದ ವಿಷವು ಸಂಜೆಯ ಸೀಸೆಯಲ್ಲಿ ಸಿಗದು. ಆದರೆ ಆರ್ಗನೊಫಾಸ್ಫರಸ್ ಹಿಡಿದ ಮಿದುಳು ಚೇತರಿಸಿಕೊಳ್ಳಲು ವಾರಗಳೇ ಬೇಕಾಗುವುದರಿಂದ, ನೀರು ತಿಳಿಯಾದ ಮೇಲೆಯೂ ಅದು ನಡೆದುದನ್ನು ತಿಳಿಸಬಲ್ಲುದು. ಇದಕ್ಕೆ ಬೇಕಾದ ವರ್ಣಮಾಪಕವು ಜಿಲ್ಲೆಯ ಪದವಿ ಕಾಲೇಜಿನ ಅಳವಿಗೆ ನಿಲುಕದ ಯಂತ್ರವಲ್ಲ. ದೊರೆತ ಅಂಕಿಗಳನ್ನು ಕನ್ನಡದಲ್ಲಿಯೇ ಬರೆದು, ಮುಂದಿನ ಹಂಗಾಮಿಗೆ ಎಣ್ಣೆ ಕೊಳ್ಳುವ ಮೊದಲೇ ಆ ಹಳ್ಳದ ದಂಡೆಯ ರೈತರಿಗೂ, ಕೆರೆಯನ್ನು ಗುತ್ತಿಗೆ ಹಿಡಿದ ಮೀನುಗಾರರ ಸಂಘಗಳಿಗೂ ತಲುಪಿಸಬೇಕು.